ಎರಡನೇ ಹೆರಿಗೆಯ ನೂರೊಂದು ಡಬ್ಬಿ

ಚಿಕ್ಕೋಡಿ ಪೇಟೆಯಲ್ಲಿ ಭಾಂಡೆ, ಎಂದರೆ ಪಾತ್ರೆಗಳ, ಅಂಗಡಿ ಇಟ್ಟುಕೊಂಡು ಮೂವತ್ತೈದು ವರ್ಷ ಆಯಿತು. ನಗುವಂಥ ಪ್ರಸಂಗ ಹುಡುಕಿಕೊಂಡು ನಾನೆಂದೂ ಹೋದವನಲ್ಲ. ಗಿರಾಕಿಗಳ ಹಾಗೆ ಅವೇ ಮೆಟ್ಟಿಲು ಹತ್ತಿ ಬರುತ್ತವೆ, ಅರ್ಧ ತಾಸು ಕೂಡುತ್ತವೆ, ಏನೂ ಕೊಳ್ಳದೆ ಎದ್ದು ಹೋಗುತ್ತವೆ. ಆದರೆ ನನ್ನ ಮಗಳು ಎರಡನೇ ಸಲ ಬಸುರಾದ ವರ್ಷ ಮಾತ್ರ ಅವು ಹೋಗಲೇ ಇಲ್ಲ. ಹಾಸಿಗೆ ಸುರುಳಿ ಸಮೇತ ನಮ್ಮ ಮನೆಯಲ್ಲೇ ಬಂದು ಇಳಿದವು.

ತೂಕ

ನಮ್ಮ ಕಡೆ ಚೊಚ್ಚಲ ಹೆರಿಗೆ ತವರುಮನೆಯದು, ಎರಡನೆಯದು ಗಂಡನ ಮನೆಯದು. ಮೊದಲನೆಯದನ್ನು ನಾವು ನಿಪ್ಪಾಣಿಯ ಒಂದು ಆಸ್ಪತ್ರೆಯಲ್ಲಿ ಮಾಡಿಸಿದ್ದೆವು. ಕೂಸು ಹೊಟ್ಟೆಯೊಳಗೆ ತಲೆ ಮೇಲೆ ಮಾಡಿ ಕೂತಿತ್ತು, ಆಪರೇಷನ್ ಆಯಿತು. ಅಂದಿನಿಂದ ಐಗಳಿಯ ನಮ್ಮ ಬೀಗತಿ, ಎಂದರೆ ಮಗಳ ಅತ್ತೆ, ನನ್ನನ್ನು ನೋಡುವ ನೋಟವೇ ಬೇರೆಯಾಯಿತು. ಅಂಗಡಿಯಿಂದ ಒಯ್ದ ಕೊಡಕ್ಕೆ ಮನೆಯಲ್ಲಿ ತಗ್ಗು ಕಂಡ ಗಿರಾಕಿ ಮರುದಿನ ಬಂದು ನೋಡುತ್ತಾನಲ್ಲ, ಹಾಗೆ.

"ನಮ್ಮ ಸೊಸಿ ನಿಮ್ಮ ಕಡೆ ಬರಾಗ ಚಲೋನ ಇದ್ಳು" ಎಂದು ಬಂದಾಗೊಮ್ಮೆ ಹೇಳುತ್ತಿದ್ದರು. ಮುಂದಿನದನ್ನು ಹೇಳುತ್ತಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮೂರು ವರ್ಷದ ಮೇಲೆ ಮಗಳು ಮತ್ತೆ ಬಸುರಾದಳು. ಎರಡೂ ಮನೆಯವರು ಸೇರಿ ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತಾ ಮಾತು ತೆಗೆದಳು: "ಈ ಸಲ ಆಪರೇಷನ್ ಬ್ಯಾಡ. ತಾನಾಗೇ ಆಗಲಿ."

ಬೀಗತಿ ತುತ್ತು ಕೈಯಲ್ಲೇ ಹಿಡಿದರು. "ಒಮ್ಮೆ ಕೊಯ್ದ ಮ್ಯಾಲ ಮುಂದೂ ಕೊಯ್ಯೂದ. ಅದು ಎಲ್ಲಾರಿಗೂ ಗೊತ್ತಿದ್ದ ಮಾತು."

"ಎಲ್ಲಾರಿಗೂ ಗೊತ್ತೈತಿ ಅತ್ತಿ, ಡಾಕ್ಟರಿಗೆ ಕೇಳೇವೇನು?" ಎಂದಳು ಮಗಳು. ಆಮೇಲೆ ತೊಡೆಯ ಮೇಲೆ ಕೂತು ಉಣ್ಣುತ್ತಿದ್ದ ದೊಡ್ಡ ಮಗಳ ತಲೆ ಮೇಲೆ ಕೈಯಿಟ್ಟಳು. "ಹೋದ ಸಲ ಎರಡು ತಿಂಗಳು ಭಾರ ಎತ್ತಬ್ಯಾಡ ಅಂದಿದ್ರು. ಆಗ ಭಾರ ಅಂದ್ರ ಕೊಡ, ಬಕೆಟ್ಟು. ಈಗ ಭಾರ ಅಂದ್ರ ಈಕಿ. ಹೊಸಾ ಕೂಸು ಬಂದ ದಿನಾನ ನಮ್ಮವ್ವ ನನ್ನ ಎತ್ತಿಕೊಳ್ಳೂದು ಬಿಟ್ಳು ಅಂತ ಈಕಿಗೆ ಅನಿಸಬಾರದು."

ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಕಣ್ಣೊರೆಸುವ ಅಭ್ಯಾಸವಿಲ್ಲ. ಮರುದಿನ ಮೊಮ್ಮಗಳನ್ನು ಅಂಗಡಿಗೆ ಕರೆದೊಯ್ದು, ಹಿತ್ತಾಳೆ ತೂಗುವ ಕಾಟಾದ ಮೇಲೆ ಕೂಡಿಸಿದೆ. ಹದಿನಾಲ್ಕು ಕಿಲೋ ತೂಗಿದಳು, ಜೊತೆಗೆ ಕೈಯಲ್ಲೊಂದು ಬಾಳೆಹಣ್ಣು.

ಮಗಳಿಗೆ ಫೋನ್ ಮಾಡಿ ಹೇಳಿದೆ: "ನೋಡವಾ, ನೀ ಹೆಂಗ ಹೆತ್ತರೂ ಇದು ಎತ್ತೂ ಮಾಲಲ್ಲ."

ಗ್ಯಾರಂಟಿ

ಚಿಕ್ಕೋಡಿಯಲ್ಲೇ ಒಬ್ಬರು ಡಾಕ್ಟರ್ ಬಾಯಾರ, ಎಂದರೆ ಹೆಣ್ಣು ಡಾಕ್ಟರರ, ಆಸ್ಪತ್ರೆ ಇದೆ. ಆಪರೇಷನ್ ಥಿಯೇಟರ್ ಇದೆ, ಅರಿವಳಿಕೆ ಕೊಡುವವರು ಕರೆದರೆ ಬರುತ್ತಾರೆ. ಬಾಯಾರು ನನ್ನ ಗಿರಾಕಿ ಕೂಡ. ಮಗಳನ್ನೂ ಅಳಿಯನನ್ನೂ ಕರೆದುಕೊಂಡು ಹೋದೆ. ಮಗಳು ಕೇಳಬೇಕಾದ್ದನ್ನೆಲ್ಲ ಕೇಳಿದಳು. ಕೊನೆಗೆ ನಾನೂ ಒಂದು ಕೇಳಿದೆ, ವ್ಯಾಪಾರಿಗೆ ಬರುವ ಪ್ರಶ್ನೆ ಅದೊಂದೇ.

"ಬಾಯಾರ, ಇದಕ್ಕ ಗ್ಯಾರಂಟಿ ಎಷ್ಟ್ರಿ?"

ಅಳಿಯ ನೆಲ ನೋಡಿದ. ಬಾಯಾರು ಪೆನ್ನು ಕೆಳಗಿಟ್ಟರು.

"ಸಾವಕಾರ್ರ, ಹೋದ ವರ್ಷ ನಿಮ್ಮ ಅಂಗಡ್ಯಾಗ ಒಂದು ಕುಕ್ಕರ್ ತಗೊಂಡೆ. ಐದು ವರ್ಷ ಗ್ಯಾರಂಟಿ ಅಂದ್ರಿ. ಮೂರು ತಿಂಗಳಿಗೆ ಸೀಟಿ ಹೊಡಿಯೂದು ಬಿಡ್ತು. ತಂದು ತೋರಿಸಿದ್ರ ಏನಂದ್ರಿ?"

ನೆನಪಿತ್ತು. "ರಬ್ಬರ್ ಗ್ಯಾರಂಟ್ಯಾಗ ಬರೂದಿಲ್ಲ ಅಂದೆ."

"ಸೀಟಿ?"

"ಅದೂ ಬರೂದಿಲ್ರಿ."

"ಹಿಡಿಕಿ?"

ನಾನು ತಲೆ ಕೆರೆದುಕೊಂಡೆ.

"ನಂದೂ ಹಂಗ ತಿಳ್ಕೋರಿ. ಹತ್ತರ ನಿಂತು ನೋಡಿಕೋತೇನಿ, ಅದಕ್ಕ ಗ್ಯಾರಂಟಿ. ಸೀಟಿಗಿಲ್ಲ."

ಆಮೇಲೆ ಬಿಡಿಸಿ ಹೇಳಿದರು. ಹಳೇ ಆಪರೇಷನ್ನಿನ ಹೊಲಿಗೆ ಗರ್ಭಚೀಲದ ಮೇಲೆ ಹಾಕಿದ ಬೆಸುಗೆ ಇದ್ದಂತೆ. ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಅಪರೂಪಕ್ಕೆ ಹೆರಿಗೆ ನೋವಿನ ಒತ್ತಡಕ್ಕೆ ಬಿಟ್ಟುಕೊಳ್ಳುವುದುಂಟು. ಬಿಟ್ಟರೆ ತಾಯಿಗೂ ಅಪಾಯ, ಕೂಸಿಗೂ ಅಪಾಯ, ಆಗ ಗಳಿಗೆ ತಡ ಮಾಡುವ ಹಾಗಿಲ್ಲ. ಅದಕ್ಕೇ ಮನೆಯಲ್ಲಿ ಆಗುವ ಕೆಲಸ ಇದಲ್ಲ, ಥಿಯೇಟರ್, ರಕ್ತ ಎಲ್ಲ ತಯಾರಿದ್ದ ಕಡೆಯೇ ಆಗಬೇಕು.

ಬೆಸುಗೆ ಎಂದ ಕೂಡಲೇ ನನಗೆ ತಿಳುವಳಿಕೆ ಬಂತು. "ಬೆಸುಗಿ ಅಡ್ಡಕ್ಕ ಐತೋ ಉದ್ದಕ್ಕ ಐತೋ? ತಳದ ಕಡೆಗೋ, ಹೊಟ್ಟಿ ಮ್ಯಾಲೋ?" ಎಂದು ಕೇಳಿದೆ. ತಳದಲ್ಲಿ ಅಡ್ಡಕ್ಕೆ ಹಾಕಿದ ಬೆಸುಗೆ ಒಲೆ ಮೇಲೆ ವರ್ಷಗಟ್ಟಲೆ ತಡೆಯುತ್ತದೆ. ಹೊಟ್ಟೆಯ ಮೇಲೆ ಉದ್ದಕ್ಕೆ ಹಾಕಿದ್ದು ಕಾದ ಕೂಡಲೇ ಬಾಯಿ ಬಿಡುತ್ತದೆ. ಇದು ನಮ್ಮ ಪೇಟೆಯಲ್ಲಿ ಯಾರಿಗೆ ಕೇಳಿದರೂ ಹೇಳುತ್ತಾರೆ.

ಬಾಯಾರು ಕುರ್ಚಿ ಮುಂದೆ ಎಳೆದುಕೊಂಡರು. "ನನಗೂ ಅದ ಗೊತ್ತಾಗಬೇಕು. ಹೊರಗಿನ ಗಾಯಾ ನೋಡಿ ಒಳಗಿನದು ಹೇಳಾಕ ಬರೂದಿಲ್ಲ. ಹಳೇ ಆಪರೇಷನ್ ಕಾಗದ ತರ್ರಿ. ಕಾಗದ ನೋಡದ ನಾ ಹ್ಞೂಂ ಅನ್ನಾಕಿ ಅಲ್ಲ."

ಎದ್ದು ಬಾಗಿಲ ತನಕ ಬಂದಿದ್ದೆ. ಹಿಂದಿನಿಂದ ಕರೆದರು: "ಸಾವಕಾರ್ರ, ಬರಾಗ ಆ ಕುಕ್ಕರಿನ ರಬ್ಬರೂ ತರ್ರಿ."

ಒಯ್ದೆ. ರಬ್ಬರ್, ಸೀಟಿ, ಹಿಡಿಕೆ ಮೂರೂ, ಪುಗಸಟ್ಟೆ. ಮೂವತ್ತೈದು ವರ್ಷದಲ್ಲಿ ನನ್ನ ಗ್ಯಾರಂಟಿಯೊಳಗೆ ಹಿಡಿಕೆ ಬಂದದ್ದು ಅದೇ ಮೊದಲು.

ಕಾಗದದ ಎರಡು ಮಗ್ಗಲು

ಕಾಗದ ಎಲ್ಲಿ? ನಿಪ್ಪಾಣಿಗೆ ಹೋದರೆ ಆ ಆಸ್ಪತ್ರೆ ಮುಚ್ಚಿ, ಅಲ್ಲಿ ಟೈಲ್ಸ್ ಅಂಗಡಿ ಆಗಿತ್ತು. ಡಾಕ್ಟರು ಯಾವ ಊರಿಗೆ ಹೋದರೆಂದು ಯಾರಿಗೂ ಗೊತ್ತಿಲ್ಲ. ಟೈಲ್ಸ್ ಅಂಗಡಿಯವ ಮರಾಠಿಯಲ್ಲಿ "ಬಸಾ, ಬಸಾ" ಎಂದು ಕೂಡಿಸಿ ಬಚ್ಚಲಮನೆಯ ಟೈಲ್ಸ್ ತೋರಿಸಿದ.

ಮನೆಗೆ ಬಂದು ಹೆಂಡತಿಯ ಟ್ರಂಕು ಬಿಚ್ಚಿಸಿದೆ. ನಾವು ಮದುವೆಯಾದ ವರ್ಷದ ರೇಡಿಯೋದ ಗ್ಯಾರಂಟಿ ಕಾರ್ಡು ಸಿಕ್ಕಿತು. ರೇಡಿಯೋ ಸತ್ತು ಇಪ್ಪತ್ತು ವರ್ಷ. ಎಂದೋ ಗುಜರಿಗೆ ಹಾಕಿದ ಮಿಕ್ಸರಿನ ರಸೀದಿ ಸಿಕ್ಕಿತು. ಮಗಳ ಹೊಟ್ಟೆ ಕೊಯ್ದ ಕಾಗದ ಮಾತ್ರ ಇಲ್ಲ.

ಎರಡು ದಿನದ ಮೇಲೆ, ಹಾಲು ಕಾಸುತ್ತಾ ನಿಂತಿದ್ದ ಹೆಂಡತಿಗೆ ನೆನಪಾಯಿತು. "ಅಯ್ಯೋ, ಅದನ್ನ ಉಪಾಧ್ಯೇರಿಗೆ ಕೊಟ್ಟೇವಲ್ಲ!"

ಕೊಟ್ಟಿದ್ದೆವು. ಮೊಮ್ಮಗಳು ಹುಟ್ಟಿದ ಗಳಿಗೆ ಆ ಕಾಗದದ ಮೇಲೆ ಬರೆದಿತ್ತು. ಜಾತಕ ಬರೆಸಲು ನಮ್ಮ ಬಸದಿಯ ಪೂಜೆಯವರಿಗೆ, ಭೋಜದ ಉಪಾಧ್ಯೇರಿಗೆ, ಕಾಗದವನ್ನೇ ಕೊಟ್ಟು ಬಂದಿದ್ದೆವು. ಫೋನ್ ಮಾಡಿದೆ.

"ಕಾಗದ ಐತ್ರಿ" ಎಂದರು ಉಪಾಧ್ಯೇರು. "ಆದ್ರ ಕೊಡಾಕ ಬರೂದಿಲ್ಲ."

"ಯಾಕ್ರಿ?"

"ಹಿಂದಿನ ಮಗ್ಗಲಿಗೆ ನಿಮ್ಮ ಮೊಮ್ಮಗಳ ಕುಂಡಲಿ ಬರದೇನಿ. ಅದರ ಬಾಜೂಕ ನಮ್ಮೂರ ಗೌಡ್ರ ಬೋರ್‌ವೆಲ್ ಮುಹೂರ್ತ ಬರದೇನಿ. ಗೌಡ್ರು ಎರಡನೇ ಬೋರ್ ಹೊಡಸೂವ್ರು ಅದಾರ, ಅದ ಲೆಕ್ಕಾ ಬೇಕಂತಾರ."

ನಾನೇ ಭೋಜಕ್ಕೆ ಹೋದೆ. ಉಪಾಧ್ಯೇರು ಪಂಚಾಂಗದೊಳಗಿಂದ ಕಾಗದ ತೆಗೆದು, ಕನ್ನಡಕ ಹಾಕಿಕೊಂಡು, ಬೋರ್‌ವೆಲ್ಲಿನದನ್ನೂ ಮೊಮ್ಮಗಳದನ್ನೂ ಬೇರೆ ಕಾಗದಕ್ಕೆ ಇಳಿಸಿಕೊಳ್ಳಲು ಒಂದು ತಾಸು ತೆಗೆದುಕೊಂಡರು. ನಾನು ಕೂತು ಶನಿ ಯಾವ ಮನೆ, ಗುರು ಯಾವ ಮನೆ ಎಂದು ಓದಿ ಹೇಳಿದೆ.

ಮರುದಿನ ಆಸ್ಪತ್ರೆಯಲ್ಲಿ ಬಾಯಾರು ಮುಂದಿನ ಮಗ್ಗಲು ಓದಿದರು. ಕೊಯ್ದದ್ದು ಕೆಳಗೆ, ಅಡ್ಡಕ್ಕೆ. "ಇದು ಚಲೋ. ಮತ್ತ ಈ ಸಲ ಕೂಸು ತಲಿ ಕೆಳಗ ಮಾಡೇತಿ, ಅದೂ ಚಲೋ. ಪ್ರಯತ್ನ ಮಾಡೂಣು."

ಮಗಳು ಉಸಿರು ಬಿಟ್ಟಳು. ಅಷ್ಟರಲ್ಲಿ ಜೊತೆಗೆ ಬಂದಿದ್ದ ಬೀಗತಿ ಕೈ ಚಾಚಿ ಕಾಗದ ಇಸಕೊಂಡು ಹಿಂದಿನ ಮಗ್ಗಲು ತಿರುವಿದರು. ಬಹಳ ಹೊತ್ತು ನೋಡಿದರು. ಗ್ರಹಗಳು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಮಗಳ ಮುಖ ಮತ್ತೆ ಸಣ್ಣದಾಯಿತು.

"ಅಣ್ಣಾರ, ಈ ಬೋರ್‌ವೆಲ್ ಯಾರದು?"

"ಭೋಜದ ಗೌಡ್ರದಂತ."

"ನೀರ ಬಿತ್ತೇನು?"

"ಮೂರು ಇಂಚ ಬಿದ್ದಾವಂತ."

ಬೀಗತಿ ಕಾಗದ ಮಡಚಿ ಡಾಕ್ಟರಿಗೆ ತಿರುಗಿ ಕೊಟ್ಟರು. "ಹಂಗಾದ್ರ ಕಾಗದ ಚಲೋ ಐತಿ. ಪ್ರಯತ್ನ ಮಾಡ್ರಿ."

ಮಹಡಿ ಮೇಲಿನ ಐಗಳಿ

ಬಾಯಾರು ಒಂದು ಷರತ್ತು ಹಾಕಿದ್ದರು. ಕಡೆಯ ಒಂದೂವರೆ ತಿಂಗಳು ಮಗಳು ಚಿಕ್ಕೋಡಿ ಬಿಡುವ ಹಾಗಿಲ್ಲ. ನೋವು ಶುರುವಾದರೆ ಅರ್ಧ ತಾಸಿನೊಳಗೆ ಆಸ್ಪತ್ರೆಯಲ್ಲಿರಬೇಕು. ಐಗಳಿಯಿಂದ ಅದು ಆಗುವ ಮಾತಲ್ಲ. ಹಾಗಾದರೆ ನಮ್ಮ ಮನೆಯಲ್ಲೇ ಇರಲಿ ಎಂದೆ.

ಬೀಗತಿ ಒಪ್ಪಲಿಲ್ಲ. "ಎರಡನೇದು ನಮ್ಮನಿದು. ತವರಮನ್ಯಾಗ ಎರಡನೇ ಬಾಣಂತನ ಆತು ಅಂದ್ರ ಊರಾಗ ಹೆಂಗ ಮಾರಿ ತೋರಸ್ಲಿ ನಾ?"

ಮೂರು ದಿನದ ಮೇಲೆ ನಮ್ಮ ಬಾಗಿಲಿಗೆ ಒಂದು ಟೆಂಪೋ ಬಂದು ನಿಂತಿತು. ಅದರೊಳಗೆ ಒಂದು ಮಂಚ, ಗ್ಯಾಸ್ ಒಲೆ, ಜೋಳದ ಹಿಟ್ಟಿನ ಡಬ್ಬ, ತುಪ್ಪದ ಗಡಿಗೆ, ದೇವರ ಫೋಟೋ ಮತ್ತು ಬೀಗತಿ. ಎಲ್ಲವೂ ನಮ್ಮ ಮಹಡಿ ಹತ್ತಿದವು. ದೇವರ ಫೋಟೋಕ್ಕೆ ಮೊಳೆ ಹೊಡೆಸಿ ಬೀಗತಿ ಹೇಳಿದರು: "ಇವತ್ತಿಂದ ಇದು ಐಗಳಿ. ಕೆಳಗಿಂದು ನಿಮ್ಮದು."

ಮಗಳು ಮೇಲೆ, ನಾವು ಕೆಳಗೆ. ನನ್ನ ಹೆಂಡತಿ ಮಗಳನ್ನು ನೋಡಲು ಮೇಲೆ ಹೋದರೆ ಬೀಗರ ಮನೆಗೆ ಹೋದ ಹಾಗೆ, ಬರಿಗೈಲಿ ಹೋಗುವಂತಿಲ್ಲ. ಚಕ್ಕುಲಿ ಒಯ್ದಳು. ಬೀಗತಿ ಕುಂಕುಮ ಹಚ್ಚಿ, ಉಡಿ ತುಂಬಿ, ಕುಪ್ಪಸದ ಕಣ ಕೊಟ್ಟು ಕಳಿಸಿದರು. ಬಟ್ಟೆ ಒಣಹಾಕುವ ತಾರಸಿ ಗಚ್ಚೂ ಮೇಲೆಯೇ ಇತ್ತು. ಒದ್ದೆ ಸೀರೆ ಹೊತ್ತು ಹೋದವಳಿಗೂ ಕುಂಕುಮ, ಕಣ. ಆ ಕಣವನ್ನೇ ಸಂಜೆ ಇವಳು ಬೀಗತಿಗೆ ಕೊಟ್ಟಳು. ಮರುದಿನ ಅದೇ ಮತ್ತೆ ಕೆಳಗೆ ಬಂತು. ಒಂದು ಹಸಿರು ಕಣ ಆ ತಿಂಗಳು ನಮ್ಮ ಮೆಟ್ಟಿಲ ಮೇಲೆ ನಡೆದಷ್ಟು ನಾವ್ಯಾರೂ ನಡೆಯಲಿಲ್ಲ.

ನಡೆದವಳು ಮಗಳೊಬ್ಬಳೇ. ಬಾಯಾರು ಚೆನ್ನಾಗಿ ಅಡ್ಡಾಡು ಎಂದಿದ್ದರು. "ಅಪ್ಪಾ, ಇವತ್ತ ಐದು ಸಲ ಐಗಳಿಯಿಂದ ಚಿಕ್ಕೋಡಿಗೆ ಬಂದೆ" ಎಂದು ಕೆಳಗೆ ಬಂದು ಬೆರಳು ಎಣಿಸಿ ತೋರಿಸುತ್ತಿದ್ದಳು.

ನಮ್ಮ ನೀರಿನ ಟಾಕಿಯೂ ಐಗಳಿಯಲ್ಲೇ ಇತ್ತು. ತುಂಬಿದೆಯೋ ಇಲ್ಲವೋ ಎಂದು ನೋಡಲು ಹೋದರೆ, "ಬರ್ರಿ ಅಣ್ಣಾರ, ಅಪರೂಪಕ್ಕ ಬಂದೀರಿ" ಎಂದು ಚಾಪೆ ಹಾಸುತ್ತಿದ್ದರು. ಚಹಾ ಆಗುವ ತನಕ ಏಳುವ ಹಾಗಿಲ್ಲ. ಆ ತಿಂಗಳು ಟಾಕಿ ನಾಲ್ಕು ಸಲ ತುಂಬಿ ಹರಿಯಿತು. ನಾಲ್ಕು ಸಲವೂ ನಾನು ಅದರ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.

ಅನುಭವಸ್ಥರು

ಸುದ್ದಿ ಪೇಟೆಯಲ್ಲಿ ಹರಡಿತು. ಒಂದು ಲೋಟ ಕೊಳ್ಳಲು ಬಂದವರು ನಾಲ್ಕು ಸಲಹೆ ಕೊಟ್ಟು ಹೋಗತೊಡಗಿದರು. ಅಥಣಿ ಕಡೆಯ ಅನಂತಪುರದ ಒಬ್ಬ ಅಜ್ಜಿ ಮಗಳ ಕೈಲಿ ನೆಲ ಒರೆಸಿಸು ಎಂದರು. ಕಾಗವಾಡದಿಂದ ಬಂದ ಮೇಷ್ಟ್ರು ಏನೂ ಮಾಡಿಸಬೇಡ, ಸುಮ್ಮನೆ ಮಲಗಿಸು ಎಂದರು. ಇಬ್ಬರಿಗೂ ಹ್ಞೂಂ ಎಂದೆ. ಅಂಗಡಿಯಲ್ಲಿ ಕೂತವ ಗಿರಾಕಿಗೆ ಎದುರಾಡುವುದಿಲ್ಲ.

ಒಂದು ದಿನ ರಾಯಬಾಗ ಕಡೆಯ ಒಬ್ಬ ಕಂಪೌಂಡರ್ ಬಂದ. ಗಟ್ಟಿ ಮನುಷ್ಯ, ಗಟ್ಟಿ ದನಿ.

"ಸಾವಕಾರ್ರ, ಯಾಕ ಹೆದರ್ತೀರಿ? ಒಮ್ಮೆ ಕೊಯ್ದ ಮ್ಯಾಲ ಮುಂದಿನದು ತಾನಾಗೇ ಆಗಿದ್ದು ನಾ ಕಣ್ಣಾರೆ ನೋಡೇನಿ. ಒಂದಲ್ಲ, ಎರಡಲ್ಲ."

ಇಷ್ಟು ಧೈರ್ಯ ಯಾರೂ ಹೇಳಿರಲಿಲ್ಲ. ಸ್ಟೂಲು ಕೊಟ್ಟು ಕೂಡಿಸಿದೆ. "ಯಾವ ದವಾಖಾನ್ಯಾಗ್ರಿ?"

"ದನದ ದವಾಖಾನ್ಯಾಗ. ಎಲ್ಲಾ ಎಮ್ಮಿ." ಕಂಪೌಂಡರ್ ಎದೆ ಮುಂದೆ ಮಾಡಿ ಮುಂದುವರಿಸಿದ: "ಎಮ್ಮಿ ನೋಡ್ರಿ, ಹೆದರೂದಿಲ್ಲ, ಮುಹೂರ್ತಾ ಕೇಳೂದಿಲ್ಲ, ನಿಂತಲ್ಲೇ ಕೆಲಸಾ ಮುಗಸ್ತೈತಿ. ಮನಿಷ್ಯಾರಿಗೆ ಯಾಕ ಇಷ್ಟ ತ್ರಾಸ?"

ಒಳಗೆ ಡಬ್ಬಿ ಒರೆಸುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆ ಹೇಳಿದಳು: "ಎಮ್ಮಿಗೆ ಬೀಗತಿ ಇರೂದಿಲ್ಲಣ್ಣಾ."

ನಾನು ನಗಲಿಲ್ಲ. ಬೀಗತಿ ಅಂಗಡಿ ಮೆಟ್ಟಿಲ ಮೇಲೇ ನಿಂತಿದ್ದರು.

ಗುರುವಾರ

ಬೀಗತಿ ಬಂದದ್ದು ಆರ್ಡರ್ ಕೊಡಲು.

ಅದಕ್ಕೆ ಎರಡು ದಿನ ಮೊದಲು ಬಾಯಾರು ಕಡೆಯ ಗಡುವು ಹೇಳಿದ್ದರು. "ಇಂಥಾ ಮಂಗಳವಾರದ ತನಕ ಕಾಯೂಣು. ತಾನಾಗೇ ನೋವು ಬಂದ್ರ ಸರಿ. ಬರದಿದ್ರ ಔಷಧ ಕೊಟ್ಟು ಒತ್ತಾಯದಿಂದ ಬರಸೂದು ನನಗ ಬ್ಯಾಡ, ಬೆಸುಗಿ ಮ್ಯಾಲ ಭಾರ ಬೀಳತೈತಿ. ಅವತ್ತ ಆಪರೇಷನ್."

ಬೀಗತಿ ಕೂಡಲೇ ಚೌಕಾಶಿಗೆ ಇಳಿದರು. ಮಂಗಳವಾರ ಬೇಡ, ಗುರುವಾರ ದಿನ ಚೆನ್ನಾಗಿದೆ, ಗಳಿಗೆಯೂ ಚೆನ್ನಾಗಿದೆ. ಎರಡು ದಿನ ತಡವಾದರೆ ಅಡ್ಡಿಯಿಲ್ಲ ಎಂದು ಬಾಯಾರು ಒಪ್ಪಿದರು. ಮಗಳು ಸೆರಗಿನ ಮರೆಯಲ್ಲಿ ನಕ್ಕಳು. ಕೇಳದೆಯೇ ಅವಳಿಗೆ ಎರಡು ದಿನ ಹೆಚ್ಚು ಸಿಕ್ಕಿತ್ತು, ಅದೂ ಅತ್ತೆಯಿಂದ.

ಆದರೆ ಬೀಗತಿಯ ಮನಸ್ಸಿನಲ್ಲಿ ಕೂಸು ಹುಟ್ಟುವುದು ಆ ಗುರುವಾರವೇ ಎಂದು ಗಟ್ಟಿಯಾಗಿಹೋಗಿತ್ತು. ತೊಟ್ಟಿಲ ಕಾರ್ಯಕ್ಕೆ ಬಂದವರಿಗೆ ಹಂಚಲು ನೂರೊಂದು ಸ್ಟೀಲ್ ಡಬ್ಬಿ ಬೇಕು, ಮುಚ್ಚಳದ ಮೇಲೆ ತಾರೀಖು ಕೊರೆದಿರಬೇಕು ಎಂದರು.

ನನಗೆ ಪೇಚಾಯಿತು. ತಾರೀಖು ಕೊರೆದರೆ ಮಗಳ ವಿರುದ್ಧ ನಾನೇ ಸಹಿ ಹಾಕಿದ ಹಾಗೆ. "ಹೆಸರು ಹಾಕೂ ಮಷೀನ್ ಕೆಟ್ಟೈತ್ರಿ" ಎಂದೆ. ಆ ಮಷೀನು ಮೂಲೆಯಲ್ಲಿ ಯಾರದೋ ಕೊಡದ ಮೇಲೆ ಗುರ್ರ್ ಎಂದು ಓಡುತ್ತಿತ್ತು. ಬೀಗತಿ ಅದನ್ನು ನೋಡಿದರು, ನನ್ನನ್ನು ನೋಡಿದರು. "ಆಗೂದಿಲ್ಲಂದ್ರ ಅಥಣ್ಯಾಗ ಹಾಕಸ್ತೇನ್ರಿ."

ಬೀಗತಿಯ ಆರ್ಡರ್ ಅಥಣಿ ಪೇಟೆಗೆ ಹೋಗುತ್ತದೆ ಎಂದ ಮೇಲೆ ಮುಗಿಯಿತು. ಬರೆಯುವುದೇನು ಎಂದು ಕೇಳಿದೆ.

"ಮೊದಲಿಗೆ ಚಿ. ಅಂತ ಹಾಕ್ರಿ. ಆಮ್ಯಾಲ ತಾರೀಖು, ಐಗಳಿ."

"ಚಿ. ಅಂತ ಹಾಕಿ, ಕು. ಬಂದ್ರ?"

ಬೀಗತಿ ಯೋಚಿಸಿದರು. "ಹಂಗಾದ್ರ ಅಲ್ಲೆ ಜಾಗಾ ಬಿಡ್ರಿ."

ನೂರೊಂದು ಡಬ್ಬಿಯೂ ಮುಂದೆ ಜಾಗ ಬಿಟ್ಟುಕೊಂಡು, ತಾರೀಖು ಹೊತ್ತು ಸಾಲಾಗಿ ಕೂತವು. ಸಂಜೆ ಮಗಳು ಅಂಗಡಿಗೆ ಬಂದು ಒಂದನ್ನು ಎತ್ತಿ ಓದಿದಳು.

"ಅಪ್ಪಾ, ನೀನೂನಾ?"

"ನಾ ಹಾಕದಿದ್ರ ಅಥಣ್ಯಾಗ ಹಾಕಸ್ತಿದ್ರವಾ."

ಅವಳು ಪರ್ಸಿನಿಂದ ತನ್ನ ರಕ್ತದ ಗುಳಿಗೆಗಳನ್ನು ತೆಗೆದು ಡಬ್ಬಿಯೊಳಗೆ ಸುರಿದು ಮುಚ್ಚಳ ಒತ್ತಿದಳು. "ಇರಲಿ ಬಿಡು. ಗುಳಿಗಿ ಮುಗಿಯೂ ತಾರೀಖು ಅಂತ ತಿಳ್ಕೋತೇನಿ."

ಶನಿವಾರ

ಆ ಗುರುವಾರಕ್ಕೆ ಇನ್ನೂ ಹನ್ನೆರಡು ದಿನ ಇತ್ತು. ಶನಿವಾರ ಬೆಳಿಗ್ಗೆ ಮಗಳು ಐಗಳಿಯಿಂದ ಚಿಕ್ಕೋಡಿಗೆ ಮೂರನೇ ಸಲ ಇಳಿಯುತ್ತಿದ್ದವಳು ನಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮೇಲಿನಿಂದ ಬೀಗತಿ, ಕೆಳಗಿನಿಂದ ಹೆಂಡತಿ ಓಡಿದರು. "ಇದು ಯಾರ ಮನಿದು ಅಂತ ಆಮ್ಯಾಲ ನೋಡೂಣು, ಮೊದಲ ಗಾಡಿ ತಗಿ ಅಪ್ಪಾ" ಎಂದಳು ಮಗಳು.

ಆಸ್ಪತ್ರೆಯ ಬೆಂಚಿನ ಮೇಲೆ ಇಡೀ ದಿನ ಕೂತೆವು. ನನಗೊಂದು ಕೆಟ್ಟ ಚಟ. ಚಿಂತೆಯಾದಾಗ ಕೈಗೆ ಸಿಕ್ಕ ಪಾತ್ರೆಯನ್ನು ಬೆರಳಿನಿಂದ ಬಾರಿಸಿ ದನಿ ಕೇಳುತ್ತೇನೆ, ತಗಡು ದಪ್ಪವೋ ತೆಳುವೋ ಎಂದು. ಪಕ್ಕದ ಟೇಬಲ್ ಮೇಲೆ ಸ್ಟೀಲಿನ ತಾಟುಗಳಿದ್ದವು. ಒಂದು ತೆಗೆದುಕೊಂಡು ಬಾರಿಸಿದೆ. ಒಳ್ಳೆಯ ಮಾಲು. ಇನ್ನೊಂದು ತೆಗೆದೆ. ನರ್ಸ್‌ಬಾಯಿ ಒಳಗಿನಿಂದ ತಲೆ ಹಾಕಿದಳು.

"ಅಜ್ಜಾರ, ಅವು ಮಾರಾಟಕ್ಕಿಲ್ರಿ."

ನಾಲ್ಕು ಗಂಟೆಗೆ ಬಾಯಾರು ಹೊರಗೆ ಬಂದರು. "ಕೂಸಿನ ಎದಿ ಬಡಿತ ಚಲೋ ಐತಿ. ಆದ್ರ ಮುಂದ ಸರಿಯಾಕ ತಡಾ ಮಾಡಾಕತ್ತೈತಿ. ಇನ್ನೊಂದು ತಾಸು ನೋಡ್ತೇನಿ. ಇಲ್ಲಂದ್ರ ಥಿಯೇಟರಿಗೆ ಒಯ್ಯೂದ. ಅರಿವಳಿಕಿಯವ್ರಿಗೆ ಬರಾಕ ಹೇಳೇನಿ."

ಹೆಂಡತಿ ನನ್ನ ತೋಳು ಹಿಡಿದಳು. ಅಷ್ಟರಲ್ಲಿ ಬೀಗತಿ ಎದ್ದು ನಿಂತರು.

"ಬಾಯಾರ, ಇವತ್ತ ಆಪರೇಷನ್ ಬ್ಯಾಡ."

ನಾವೆಲ್ಲ ಅವರ ಮುಖ ನೋಡಿದೆವು. ಗುರುವಾರದ ಆಪರೇಷನ್ನಿಗೆ ಡಬ್ಬಿ ಕೊರೆಸಿ ಕೂತ ಹೆಂಗಸು!

"ಇವತ್ತ ಶನಿವಾರ. ಶನಿವಾರ ನಾವು ಮನಿಗೆ ಒಂದು ಕುಡಗೋಲ ಸೈತ ತರೂದಿಲ್ಲ, ಕಬ್ಬಿಣಾ ಮುಟ್ಟೂದಿಲ್ಲ. ಮೈಮ್ಯಾಲ ಕಬ್ಬಿಣಾ ಆಡಸೂದಂದ್ರೇನು?"

"ಅದು ಕಬ್ಬಿಣ ಅಲ್ರಿ, ಸ್ಟೀಲು" ಎಂದು ನನ್ನ ಬಾಯಿಂದ ಬಂದುಹೋಯಿತು.

"ಶನಿವಾರ ಅಂಗಡಿ ನಡೀಲಿ ಅಂತ ನೀವು ಹಂಗ ಅನ್ನೂವ್ರು!" ಎಂದು ಬೀಗತಿ ನನ್ನ ಮೇಲೆ ಹರಿಹಾಯ್ದರು.

ಬಾಯಾರು ಸಮಾಧಾನವಾಗಿ ಹೇಳಿದರು: "ಅಕ್ಕಾರ, ನಾ ವಾರಾ ನೋಡೂದಿಲ್ಲ. ಕೂಸಿನ ಬಡಿತ ನೋಡ್ತೇನಿ. ಬೇಕಾದ್ರ ಈಗಿ‍ಂದೀಗ ಕೊಯ್ತೇನಿ." ಒಳಗೆ ಹೋದರು.

ಬೀಗತಿ ಬಾಗಿಲಿಗೆ ಹೋಗಿ ನಿಂತರು. ನೂರೊಂದು ಡಬ್ಬಿಯ ಆರ್ಡರ್ ಕೊಟ್ಟವರು, ಐಗಳಿಗೇ ಕೇಳುವಂಥ ದನಿಯಲ್ಲಿ ಕೂಗಿದರು: "ತಂಗೀ, ಇವತ್ತ ಶನಿವಾರ ಐತಿ! ಡಬ್ಬಿ ಹಾಳಾಗಿ ಹೋಗ್ಲಿ! ನೂಕು ನನ್ನವ್ವಾ!"

ಒಳಗಿನಿಂದ, ನೋವಿನ ನಡುವೆಯೇ, ಮಗಳು ನಕ್ಕ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಹೊತ್ತು ಮುಳುಗುವ ಮೊದಲು ಉಣ್ಣುವುದು ನಮ್ಮ ಪದ್ಧತಿ. ಹೆಂಡತಿ ಬುತ್ತಿ ಬಿಚ್ಚಿದಳು, ಯಾರೂ ಮುಟ್ಟಲಿಲ್ಲ. ಅಳಿಯ ಗೋಡೆಯ ಗಡಿಯಾರದ ಕೆಳಗೇ ನಿಂತಿದ್ದ. ಒಂದು ತಾಸಿಗೆ ಇನ್ನು ಎಂಟು ನಿಮಿಷ ಇದ್ದಾಗ ಕೂಸು ಅತ್ತಿತು.

ನರ್ಸ್‌ಬಾಯಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದಳು. "ಹೆಣ್ಣು. ನಾರ್ಮಲ್. ಇಬ್ಬರೂ ಆರಾಮ ಅದಾರ." ನನ್ನ ಮುಂದೆ ನಿಂತು ಕಾದಳು. ನಾನು ಹಾಗೇ ನಿಂತಿದ್ದೆ.

"ಅಜ್ಜಾರ, ತಾಟು ಕೆಳಗ ಇಡ್ರಿ. ಕೂಸಿನ ಹಿಡೀರಿ."

ಹದಿಮೂರನೇ ದಿನ

ಮನೆಗೆ ಬಂದ ಮೇಲೆ ಒಂದು ದಿನ ಮಗಳು, ಬಾಯಾರು ಹೇಳಿದ ಹಾಗೆ ಮಂಚದ ಮೇಲೆ ಕೂತೇ, ದೊಡ್ಡವಳಿಗೆ ಎರಡೂ ಕೈ ಚಾಚಿದಳು. ಹುಡುಗಿ ಮೊದಲು ಹೊಸ ಕೂಸನ್ನು ನೋಡಿತು, ಆಮೇಲೆ ಅವ್ವನನ್ನು ನೋಡಿತು, ಓಡಿ ಬಂದು ಕೊರಳಿಗೆ ಬಿತ್ತು. ನಾನು ಟಾಕಿ ನೋಡುವ ನೆವ ಮಾಡಿ ಗಚ್ಚಿಗೆ ಹೋದೆ. ಚಹಾ ಕುಡಿಯದೇ ಕೆಳಗೆ ಬಂದೆ. ಅವತ್ತು ಬೀಗತಿಯೂ ಕುಡೀರಿ ಎನ್ನಲಿಲ್ಲ.

ಹದಿಮೂರನೇ ದಿನ ತೊಟ್ಟಿಲಿಗೆ ಹಾಕುವುದು ಎಂದಾಯಿತು. ಶನಿವಾರ ಒಂದು, ರವಿವಾರ ಎರಡು ಎಂದು ಬೆರಳು ಮಡಚುತ್ತಾ ಹೋದೆ. ಹದಿಮೂರನೆಯದು ಬಂದು ಆ ಗುರುವಾರದ ಮೇಲೇ ನಿಂತಿತು. ಡಬ್ಬಿಯ ಮೇಲಿನ ಅದೇ ತಾರೀಖು! ಮತ್ತೊಮ್ಮೆ ಎಣಿಸಿದೆ. ಅದೇ.

ಬೀಗತಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಮತ್ತ? ದಿನಾ ಚಲೋ ಐತಿ ಅಂತ ನಾ ಸುಮ್ಮನ ಅಂದಿದ್ನೇನು? ಇನ್ನ ಆ ಜಾಗಾದಾಗ ಕು. ಅಂತ ಹಾಕ್ರಿ." ನೂರೊಂದು ಡಬ್ಬಿಗೆ ಮಷೀನ್ ಮತ್ತೆ ಓಡಿತು. ಬಂದವರಿಗೆಲ್ಲ ಬೀಗತಿ ಡಬ್ಬಿ ಕೊಟ್ಟು, ಸೊಸೆಯ ಹೆರಿಗೆ ತಾನಾಗೇ ಆಗಲಿ ಎಂದು ಮೊದಲಿನಿಂದ ಹೇಳಿದವಳು ತಾನೇ ಎಂದು ಹೇಳಿ ಕಳಿಸುತ್ತಿದ್ದರು. ಕಾರ್ಯ ನಡೆದದ್ದು ಐಗಳಿಯಲ್ಲಿ, ಎಂದರೆ ನಮ್ಮ ಮಹಡಿ ಮೇಲೆ. ಕೆಳಗಿನಿಂದ ನಾವು ಚಿಕ್ಕೋಡಿಯವರು ಉಡುಗೊರೆ ಹಿಡಿದು ಮೆರವಣಿಗೆಯಲ್ಲಿ ಹದಿನೆಂಟು ಮೆಟ್ಟಿಲು ಹತ್ತಿದೆವು. ಹಸಿರು ಕಣವೂ ಬಂದಿತ್ತು.

ಹತ್ತಿ ಹೋಗಿ ನೋಡುತ್ತೇನೆ, ಹೊಸ ಕೂಸು ತೊಟ್ಟಿಲಲ್ಲಿ ಸುಖವಾಗಿ ಮಲಗಿದೆ. ಹದಿನಾಲ್ಕು ಕಿಲೋದ ದೊಡ್ಡವಳು ಮಗಳ ಬಗಲಲ್ಲಿ ಕೂತಿದ್ದಾಳೆ, ಕಾಲು ಎರಡೂ ಸೊಂಟಕ್ಕೆ ಸುತ್ತಿಕೊಂಡು. ಅವ್ವ ಎತ್ತಿಕೊಳ್ಳುತ್ತಾಳೆ ಎಂದು ಗೊತ್ತಾದ ದಿನದಿಂದ ಹುಡುಗಿ ನೆಲಕ್ಕೆ ಕಾಲಿಟ್ಟಿರಲಿಲ್ಲವಂತೆ. ಊಟ ಅಲ್ಲೇ, ನಿದ್ದೆ ಅಲ್ಲೇ. ನನ್ನ ಹೆಂಡತಿ ಕರೆದಳು, ಬರಲಿಲ್ಲ. ಬೀಗತಿ ಕರೆದರು, ಬರಲಿಲ್ಲ. ನಾನು ಬಾಳೆಹಣ್ಣು ತೋರಿಸಿದೆ. ಹಣ್ಣು ಇಸಕೊಂಡು ಅಲ್ಲೇ ಕೂತು ತಿಂದಳು.

ಮಗಳು ಸೊಂಟಕ್ಕೆ ಕೈ ಕೊಟ್ಟು, ನನ್ನ ಹತ್ತಿರ ಬಗ್ಗಿ, ಬೀಗತಿಗೆ ಕೇಳದ ಹಾಗೆ ಹೇಳಿದಳು:

"ಅಪ್ಪಾ, ಆಪರೇಷನ್ ಆಗಿದ್ರ ಚಲೋ ಇತ್ತು ನೋಡು. ಎರಡು ತಿಂಗಳು ಈಕಿನ್ನ ಎತ್ತಬ್ಯಾಡ ಅಂತಿದ್ರು!"